ಗಾಯಾಸಾನ್ ಬೆಟ್ಟದ ಮರದ ಗ್ರಂಥಭಂಡಾರ



ದಕ್ಷಿಣ ಕೊರಿಯಾದ ಬಹುಭಾಗ ಬೆಟ್ಟಗುಡ್ಡಗಳ ನಾಡು. ರಜೆ ಬಂದರೆ ಅಲ್ಲಿನ ಜನ, ವೃದ್ಧರೂ ಸೇರಿದಂತೆ, ಬೆನ್ನಿಗೆ ಚೀಲವೇರಿಸಿ ಬೆಟ್ಟ ಹತ್ತುತ್ತಾರೆ. ನಾವೂ ಅವರಂತೆಯೇ ಚೀಲ ಹೊತ್ತು, ದೇಗು ನಗರದಿಂದ ಬಸ್ಸು ಹಿಡಿದು, ಗಾಯಾಸಾನ್ ಪರ್ವತದ ಹೇಇನ್ಸಾ ವಿಹಾರವನ್ನು ನೋಡಲು ಹೋದೆವು. 'ಗಾಯಾ' ಎಂಬ ಹೆಸರು ನಮ್ಮ ಬುದ್ಧಗಯೆಯನ್ನು ನೆನಪಿಗೆ ತರುತ್ತದೆ. 'ಹೇಇನ್' ಎಂದರೆ ಅವತಂಸಕ ಸೂತ್ರದಲ್ಲಿ ಬರುವ 'ಸಾಗರಮುದ್ರಾ'.

ಕ್ರಿ.ಶ. 802ರಲ್ಲಿ ಸ್ಥಾಪಿತವಾದ ಈ ವಿಹಾರದ ಕೀರ್ತಿಗೆ ಕಾರಣ, ಅಲ್ಲಿರುವ ಎಂಬತ್ತು ಸಾವಿರಕ್ಕೂ ಮಿಕ್ಕ ಮರದ ಅಚ್ಚುಹಲಗೆಗಳು. ಹಲಗೆಯ ಎರಡೂ ಬದಿಗಳಲ್ಲಿ ಬೌದ್ಧ ತ್ರಿಪಿಟಕವನ್ನು ಚೀನೀ ಲಿಪಿಯಲ್ಲಿ ಕೆತ್ತಲಾಗಿದೆ. ಇದಕ್ಕೂ ಹಿಂದೆ, 11ನೆಯ ಶತಮಾನದಲ್ಲಿ ಖಿತಾನರ ದಾಳಿಯ ಕಾಲಕ್ಕೆ ಆರಂಭಿಸಿ ಕೆತ್ತಿಸಿದ್ದ ಹಲಗೆಗಳನ್ನು 1232ರಲ್ಲಿ ಮಂಗೋಲರು ಸುಟ್ಟರು. ಗೊರ್ಯೊ ಅರಸರು ರಾಜಧಾನಿಯನ್ನೇ ತೊರೆದು ಗಂಗ್ವಾ ದ್ವೀಪವನ್ನು ಆಶ್ರಯಿಸಿದ್ದ ಆ ಸಂಕಟಕಾಲದಲ್ಲಿ, 1237ರಿಂದ 1248ರವರೆಗೆ, ಇಡೀ ಗ್ರಂಥರಾಶಿಯನ್ನು ಮತ್ತೆ ಮೊದಲಿನಿಂದ ಕೆತ್ತಿಸಿದರು. ಸುಗಿ ಎಂಬ ಭಿಕ್ಷು ಹಲವು ಪಾಠಗಳನ್ನು ಹೋಲಿಸಿ ತಿದ್ದಿದ. ಆದ್ದರಿಂದಲೇ 20ನೆಯ ಶತಮಾನದಲ್ಲಿ ಜಪಾನಿನ ವಿದ್ವಾಂಸರು ತೈಶೋ ತ್ರಿಪಿಟಕವನ್ನು ಮುದ್ರಿಸುವಾಗ ಇದನ್ನೇ ಆಧಾರವಾಗಿ ಇಟ್ಟುಕೊಂಡರು.

ವೈದ್ಯರಾದ ನಮ್ಮನ್ನು ಹೆಚ್ಚು ಸೆಳೆದದ್ದು ಈ ಹಲಗೆಗಳ ಆರೋಗ್ಯ! ಅವುಗಳನ್ನಿಟ್ಟಿರುವ ಮರದ ಕಟ್ಟಡ 15ನೆಯ ಶತಮಾನದ್ದು. ಮುಂಗೋಡೆಯ ಕೆಳಗಿನ ಕಿಟಕಿ ದೊಡ್ಡದು, ಮೇಲಿನದು ಚಿಕ್ಕದು. ಹಿಂಗೋಡೆಯಲ್ಲಿ ಇದಕ್ಕೆ ತದ್ವಿರುದ್ಧ. ಒಳಹೊಕ್ಕ ಗಾಳಿ ಕಪಾಟುಗಳ ನಡುವೆ ಸುಳಿದಾಡಿ ಹೊರಹೋಗುತ್ತದೆ. ನೆಲದಡಿಯಲ್ಲಿ ಇದ್ದಿಲು, ಉಪ್ಪು, ಸುಣ್ಣ ತುಂಬಿ ತೇವವನ್ನು ಹದದಲ್ಲಿಟ್ಟಿದ್ದಾರೆ. 1970ರ ದಶಕದಲ್ಲಿ ಸರ್ಕಾರ ಆಧುನಿಕ ಕಟ್ಟಡವೊಂದನ್ನು ಕಟ್ಟಿಸಿತು. ಪರೀಕ್ಷೆಗೆಂದು ಅಲ್ಲಿರಿಸಿದ ಹಲಗೆಗಳು ಕೆಡತೊಡಗಿದ್ದರಿಂದ ಸ್ಥಳಾಂತರದ ಯೋಚನೆಯನ್ನೇ ಕೈಬಿಡಲಾಯಿತು. ಹಳೆಯ ಕಟ್ಟಡವನ್ನು 1995ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇದಕ್ಕೂ ದೊಡ್ಡ ಗಂಡಾಂತರ ಬಂದದ್ದು 1951ರಲ್ಲಿ, ಕೊರಿಯಾ ಯುದ್ಧದ ನಡುವೆ. ಶತ್ರು ಸೈನಿಕರು ಈ ಬೆಟ್ಟಗಳಲ್ಲಿ ಅಡಗಿದ್ದರು. ವಿಹಾರದ ಮೇಲೆ ಬಾಂಬು ಹಾಕಬೇಕೆಂದು ಆಜ್ಞೆಯಾಯಿತು. ವಿಮಾನದಳದ ನಾಯಕ ಕಿಮ್ ಯಂಗ್-ಹ್ವಾನ್ ತನ್ನ ತಂಡವನ್ನು ತಡೆದ. ಯುದ್ಧಕಾಲದ ಆಜ್ಞೋಲ್ಲಂಘನೆಗೆ ಏನು ಶಿಕ್ಷೆಯೆಂಬುದು ಆತನಿಗೆ ತಿಳಿಯದ ವಿಷಯವಲ್ಲ. 1954ರಲ್ಲಿ ವಿಮಾನ ದುರಂತದಲ್ಲಿ ಆತ ತೀರಿಕೊಂಡ. 2010ರಲ್ಲಿ ಮರಣೋತ್ತರವಾಗಿ ಸರ್ಕಾರ ಸಾಂಸ್ಕೃತಿಕ ಪದಕವಿತ್ತು ಗೌರವಿಸಿತು. ಅದೇ ಯುದ್ಧದಲ್ಲಿ ನಮ್ಮ ಭಾರತದ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್‌ನ ವೈದ್ಯರು ಇದೇ ದೇಗು ನಗರದ ಆಸ್ಪತ್ರೆಗಳಲ್ಲಿಯೂ ಸೇವೆ ಸಲ್ಲಿಸಿದರೆಂಬುದನ್ನು ನಾವು ಹೆಮ್ಮೆಯಿಂದ ಸ್ಮರಿಸಬೇಕು.

ಊಟದ ಮಾತು ಹೇಳದಿದ್ದರೆ ಪ್ರವಾಸಕಥನ ಅಪೂರ್ಣವಷ್ಟೆ. ಬೆಟ್ಟದ ತಪ್ಪಲಿನ ಊಟದಂಗಡಿಗಳಲ್ಲಿ 'ಸಾನ್‌ಚೇ ಬಿಬಿಂಬಾಪ್' ಸಿಗುತ್ತದೆ: ಬಿಸಿ ಅನ್ನ, ಹತ್ತಾರು ಬಗೆಯ ಕಾಡುಸೊಪ್ಪು, ಮೇಲೊಂದಿಷ್ಟು ಕೆಂಪು ಖಾರ, ಎಲ್ಲವನ್ನೂ ಕಲಸಿ ಉಣ್ಣಬೇಕು. ಮಲೆನಾಡಿನ ಕೆಸು, ಕಳಲೆಗಳ ರುಚಿ ಬಲ್ಲವರಿಗೆ ಇದು ಪರದೇಶದ ಊಟವೆನಿಸದು. ವಿಹಾರದೊಳಗಿನ ಅಡುಗೆಯಲ್ಲಾದರೋ ಮಾಂಸವಿಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ, ನಮ್ಮ ಅನೇಕ ಮಠಗಳಂತೆ.

ಚಿಕಿತ್ಸೆಗಿಂತ ಮೊದಲು, ರೋಗಿಗೆ ಕೇಡು ಮಾಡಬೇಡವೆಂದು ನಮ್ಮ ವೃತ್ತಿ ಕಲಿಸುತ್ತದೆ. ಕಳೆದ ಶತಮಾನದಲ್ಲಿ ಈ ಹಲಗೆಗಳು ಎರಡು ಬಾರಿ ಉಳಿದದ್ದು, ಮಾಡಹೊರಟ ಕಾರ್ಯವನ್ನು ತಡೆಹಿಡಿದವರ ವಿವೇಕದಿಂದ. ಸುಟ್ಟದ್ದನ್ನು ಮತ್ತೆ ಕೆತ್ತಿದವರಷ್ಟೇ ಅವರೂ ವಂದನೀಯರು.