ಕೂಲಿಗಳು ಕೆಡವಲೊಪ್ಪದ ಓಣಿಗಳು

ಸಿಡ್ನಿಯಲ್ಲಿ ಎರಡೇ ದಿನ ಇರುವವರೂ ಆಪೆರಾ ಹೌಸ್ ನೋಡಿ, ಬಂದರಿನ ದಂಡೆಗುಂಟ ನಡೆದು ರಾಕ್ಸ್ ಎಂಬ ಬಡಾವಣೆಗೆ ಬರುತ್ತಾರೆ. ಮರಳುಗಲ್ಲಿನ ಮೆಟ್ಟಿಲು, ಇಕ್ಕಟ್ಟಿನ ಓಣಿ, ಶನಿವಾರ ಭಾನುವಾರದ ಸಂತೆ. 1843ರಲ್ಲಿ ಕೈದಿಗಳು ಬಂಡೆ ಕಡಿದು ದಾರಿ ಮಾಡಲು ಶುರುಮಾಡಿದ ಆರ್ಗೈಲ್ ಕಟ್‌ನ ಗೋಡೆಯಲ್ಲಿ ಉಳಿಯೇಟಿನ ಗೀರುಗಳು ಇಂದಿಗೂ ಕಾಣುತ್ತವೆ. ಗಡಿಗಲ್ ಜನರ ನೆಲದಲ್ಲಿ 1788ರಲ್ಲಿ ಬ್ರಿಟಿಷರು ಕಟ್ಟತೊಡಗಿದ ಊರಿನ ಹಳೆಯ ಭಾಗವಿದು ಎಂಬುದು ನಿಜ. ಹಳೆಯದು ಎಂಬ ಕಾರಣಕ್ಕೇ ಉಳಿಯಿತು ಎಂಬುದು ಮಾತ್ರ ಸುಳ್ಳು. ಆಳುವವರ ಕಣ್ಣಿಗೆ ಇದು ಬಹುಕಾಲ ಬರೀ ಕೊಳೆಗೇರಿ. 1900ರಲ್ಲಿ ಪ್ಲೇಗ್ ಬಂದದ್ದೇ ನೆಪವಾಗಿ ಸರ್ಕಾರ ಈ ಜಾಗವನ್ನು ವಶಪಡಿಸಿಕೊಂಡು ಎಷ್ಟೋ ಮನೆಗಳನ್ನು ಕೆಡವಿತು. 1932ರಲ್ಲಿ ತೆರೆದ ಹಾರ್ಬರ್ ಸೇತುವೆಗೆ ಇನ್ನಷ್ಟು ಬಲಿಯಾದವು. 1970ರಲ್ಲಿ ಹುಟ್ಟಿದ ಪುನರಭಿವೃದ್ಧಿ ಪ್ರಾಧಿಕಾರದ ನಕ್ಷೆಯಲ್ಲಂತೂ ಇದ್ದದ್ದು ಸಾಲು ಸಾಲು ಗಗನಚುಂಬಿಗಳು.

ಅದನ್ನು ತಡೆದವರು ಇತಿಹಾಸಕಾರರಲ್ಲ, ಗಾರೆ ಕಲಸುವ, ಕಟ್ಟಡ ಕೆಡಹುವ ಕೂಲಿಗಳು. ನೀಟಾ ಮೆಕ್ರೇ ಮುಂದಾಳಾಗಿದ್ದ ನಿವಾಸಿಗಳ ಗುಂಪು ನೆರವು ಕೇಳಿದಾಗ, ಜ್ಯಾಕ್ ಮಂಡಿಯ ಮುಂದಾಳತ್ವದ ಕಟ್ಟಡ ಕಾರ್ಮಿಕರ ಸಂಘ 1971ರಲ್ಲಿ ಇಲ್ಲಿ ಕೆಲಸಕ್ಕೆ ಬಹಿಷ್ಕಾರ ಹಾಕಿತು. ಇಂಥ ಬಹಿಷ್ಕಾರಕ್ಕೆ 'ಗ್ರೀನ್ ಬ್ಯಾನ್' ಎಂಬ ಹೆಸರು ಬಿತ್ತು. ಕೂಲಿ ಹೆಚ್ಚಿಸಿ ಎಂದು ಕೆಲಸ ನಿಲ್ಲಿಸುವುದು ಎಲ್ಲೆಡೆ ಇದ್ದದ್ದೇ. ಬೇರೆಯವರ ಮನೆ ಉಳಿಯಲೆಂದು ತಮ್ಮ ಕೆಲಸವನ್ನೇ ಬಿಡುವುದು ಅಪರೂಪ. ನಗರದಲ್ಲಿ ಕಟ್ಟಡಗಳ ಭರಾಟೆ ಜೋರಾಗಿದ್ದುದರಿಂದ ಕೂಲಿಯಾಳಿಗೆ ಬೇಡಿಕೆಯಿತ್ತು ಎನ್ನುವುದನ್ನೂ ಮರೆಯಬಾರದು: ಓಣಿಗಳನ್ನು ನುಂಗಲು ಬಂದ ಭರಾಟೆಯೇ 'ಒಲ್ಲೆ' ಎನ್ನುವ ಕಸುವನ್ನೂ ಕೊಟ್ಟಿತು. 1973ರಲ್ಲಿ ಹೊರಗಿನ ಆಳುಗಳನ್ನು ತಂದು ಕೆಡವಲು ಹೊರಟಾಗ ಘರ್ಷಣೆಯಾಯಿತು, ಪೊಲೀಸರು ಮಂಡಿಯನ್ನು ಹೊತ್ತೊಯ್ದರು. 1975ರ ಹೊತ್ತಿಗೆ ರಾಜಿಯಾಗಿ, ಕಾಹಿಲ್ ಎಕ್ಸ್‌ಪ್ರೆಸ್‌ವೇಯ ಉತ್ತರಕ್ಕಿದ್ದ ಹಳೆಯ ಕಟ್ಟಡಗಳು ಉಳಿದವು.

ಗಗನಚುಂಬಿಗಳನ್ನು ನಿಲ್ಲಿಸಿದ್ದು 1974ರಲ್ಲಿ ಆಸ್ತಿ ಮಾರುಕಟ್ಟೆ ಕುಸಿದದ್ದೇ ಹೊರತು ಕೂಲಿಗಳಲ್ಲ ಎನ್ನುವವರಿದ್ದಾರೆ. ಕುಸಿತದ ಪಾಲನ್ನು ಅಲ್ಲಗಳೆಯಲಾಗದು. ಆದರೆ ಆ ಮೂರು ವರ್ಷ ಯಾರೂ ಅಡ್ಡ ನಿಲ್ಲದಿದ್ದರೆ, ಮಾರುಕಟ್ಟೆ ಬೀಳುವ ಹೊತ್ತಿಗೆ ಇಲ್ಲಿ ಉಳಿಸಲು ಏನಿರುತ್ತಿತ್ತು? ಪರಂಪರೆ ಕಾಯುವ ಕಾನೂನನ್ನು ಸಿಡ್ನಿಯಿರುವ ರಾಜ್ಯ ತಂದದ್ದೇ 1977ರಲ್ಲಿ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಕಲ್ಲುಗೋಡೆಗಳು ಉಳಿದವು, ಅವುಗಳೊಳಗಿನ ಬಡವರು ಉಳಿಯಲಿಲ್ಲ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕಾರ್ಮಿಕರು ಕಾದದ್ದು ಬಾಡಿಗೆದಾರರನ್ನು, ಲಾಭವಾದದ್ದು ಪ್ರವಾಸೋದ್ಯಮಕ್ಕೆ. ಮಂಡಿಯ ಹೆಸರು ಇಂದು ಅಲ್ಲಿನ ಒಂದು ಬೀದಿಗಿದೆ. ಆ ಹೋರಾಟದ ಫಲವಾಗಿ, ಮನೆ ಕಳೆದುಕೊಂಡವರಿಗೆಂದೇ ಸರ್ಕಾರ ಅಲ್ಲಿ ಸಿರಿಯಸ್ ಎಂಬ ವಸತಿ ಕಟ್ಟಡವನ್ನು ಕಟ್ಟಿಸಿತ್ತು. 2019ರಲ್ಲಿ ಅದನ್ನು ಮಾರಿತು. ಈಗ ಅಲ್ಲಿರುವುದು ಸಿರಿವಂತರ ಫ್ಲ್ಯಾಟುಗಳು.