ನಾಲ್ಕನೇ ಸಾಲು ಮತ್ತು ಟ್ರ್ಯಾಕ್ಟರ್ ನೋಟು

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಕಳೆದ ಸಲ ಊರಿಗೆ ಬಂದಾಗ ಅಲ್ಲಿಯವರ ಒಂದು ಹುಚ್ಚಿನ ಕಥೆ ಹೇಳಿದ. 1909ರಿಂದ 1911ರವರೆಗೆ ಅಲ್ಲಿ ಸಿಗರೇಟು ಪ್ಯಾಕಿನೊಳಗೆ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಸಣ್ಣ ಕಾರ್ಡು ಇಡುತ್ತಿದ್ದರಂತೆ. ಮುಂದೆ ಅದೇ ಚಿತ್ರ, ಹಿಂದೆ ಬೇರೆ ಬೇರೆ ಸಿಗರೇಟಿನ ಜಾಹೀರಾತು. ಹೋನಸ್ ವ್ಯಾಗ್ನರ್ ಎಂಬಾತನ ಕಾರ್ಡು ಮುದ್ರಣ ಬೇಗನೆ ನಿಂತುಹೋಗಿ, ಕೆಲವೇ ಕೆಲವು ಉಳಿದವು. 2022ರಲ್ಲಿ ಅಂಥದ್ದೊಂದು 72.5 ಲಕ್ಷ ಡಾಲರಿಗೆ ಮಾರಾಟವಾಯಿತು! "ಮುಂದೆ ನೋಡಿದರೆ ಸಾಲದು ಮಾಮ, ತಿರುಗಿಸಿ ಹಿಂದೆ ನೋಡಬೇಕು" ಎಂದ.

ನನಗೆ ನಗು ಬಂತು. ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದೂ ಅದೇ ಅಲ್ಲವೇ! ಬೀರುವಿನಿಂದ ನನ್ನ ನೋಟಿನ ಆಲ್ಬಮ್ ತೆಗೆದು ತೋರಿಸಿದೆ.

ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದ ನಾನು ವಿಜಯವಾಡಕ್ಕೆ ಬಂದಾಗ ತೆಲುಗಿನ ಒಂದಕ್ಷರ ಬರುತ್ತಿರಲಿಲ್ಲ. ದಿನವಿಡೀ ಕ್ಯಾಷ್ ಕೌಂಟರಿನಲ್ಲಿ ಕೂತವನಿಗೆ ಕಣ್ಣಿಗೆ ಬೀಳುತ್ತಿದ್ದ ಕನ್ನಡವೆಂದರೆ ನೋಟಿನ ಹಿಂಬದಿಯ ಭಾಷಾಪಟ್ಟಿ ಮಾತ್ರ. ಹದಿನೈದು ಭಾಷೆಗಳಲ್ಲಿ ನಮ್ಮದು ನಾಲ್ಕನೇ ಸಾಲು, ಗುಜರಾತಿಯ ಕೆಳಗೆ. ಆ ಸಾಲು ನೋಡುತ್ತ ನೋಡುತ್ತ ನೋಟನ್ನೇ ಓದುವ ಚಟ ಹತ್ತಿತು. ಬೇಕೆನಿಸಿದ ನೋಟಿಗೆ ನನ್ನ ಜೇಬಿನ ನೋಟು ಕೊಟ್ಟು ಬದಲಾಯಿಸಿಕೊಳ್ಳುತ್ತಿದ್ದೆ, ಅಷ್ಟೇ.

ಒಂದೇ ಬೆಲೆಯ ಎರಡು ನೋಟು ಒಂದೇ ಥರ ಎಂದುಕೊಳ್ಳುತ್ತೇವೆ. ಹಾಗಲ್ಲ. ಒಂದು ರೂಪಾಯಿಯ ನೋಟನ್ನೇ ನೋಡಿ. ಅದು ರಿಸರ್ವ್ ಬ್ಯಾಂಕಿನದಲ್ಲ, ಭಾರತ ಸರ್ಕಾರದ್ದು. ಸಹಿ ಹಣಕಾಸು ಕಾರ್ಯದರ್ಶಿಯದು. 1949ರ ನೋಟಿನಲ್ಲಿ ರಾಜನ ತಲೆ ಹೋಗಿ ಅಶೋಕ ಸ್ತಂಭ ಬಂತು, ಸಹಿ ಕೆ.ಆರ್.ಕೆ. ಮೆನನ್ ಅವರದು. 1994ರಲ್ಲಿ ಇದರ ಮುದ್ರಣ ನಿಂತು, 2015ರಲ್ಲಿ ಮತ್ತೆ ಶುರುವಾಯಿತು.

1953ರಲ್ಲಿ ನೋಟಿನ ಮೇಲೆ ಹಿಂದಿಯನ್ನು ಎದ್ದು ಕಾಣುವಂತೆ ಮುದ್ರಿಸಹೊರಟಾಗ 'ರುಪಯಾ' ಪದದ ಬಹುವಚನ ಏನೆಂದು ಚರ್ಚೆಯೇ ನಡೆದು, ಕೊನೆಗೆ 'ರುಪಯೇ' ಗೆದ್ದಿತು. ಅದಕ್ಕೇ ಹಳೆಯ ಎರಡು ರೂಪಾಯಿ ನೋಟುಗಳಲ್ಲಿ 'ದೋ ರುಪಯಾ' ಎಂದಿರುವುದೂ ಉಂಟು, 'ದೋ ರುಪಯೇ' ಎಂದಿರುವುದೂ ಉಂಟು. ವ್ಯಾಕರಣದ ಜಗಳವನ್ನೂ ನೋಟು ನೆನಪಿಟ್ಟುಕೊಳ್ಳುತ್ತದೆ!

ಇನ್ನು ಸಹಿಗಳು. ಬಿ.ಎನ್. ಅದರ್ಕರ್ 1970ರಲ್ಲಿ ಗವರ್ನರ್ ಆಗಿದ್ದದ್ದು ಬರೀ 42 ದಿನ. ಆದರೂ ಗಾಂಧಿ ಶತಮಾನೋತ್ಸವದ ನೋಟುಗಳು ಎಲ್.ಕೆ. ಝಾ ಸಹಿಯಲ್ಲೂ ಇವೆ, ಅದರ್ಕರ್ ಸಹಿಯಲ್ಲೂ ಇವೆ. 1985ರಲ್ಲಿ ಇಪ್ಪತ್ತು ದಿನ ಗವರ್ನರ್ ಆಗಿದ್ದ ಅಮಿತಾಭ್ ಘೋಷ್ ಅವರ ಸಹಿಯ ನೋಟು ಬರಲೇ ಇಲ್ಲ. ಅವರ ನಂತರ ಬಂದ ಆರ್.ಎನ್. ಮಲ್ಹೋತ್ರಾ ಅವರ ಸಹಿ 1990ರವರೆಗೆ ನಡೆಯಿತು. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1996ರಲ್ಲಿ ಮಹಾತ್ಮ ಗಾಂಧಿ ಸರಣಿ ಬಂತು. ಇವುಗಳಲ್ಲಿ ಸಂಖ್ಯೆಯ ಹಿನ್ನೆಲೆಯಲ್ಲಿ ಸಣ್ಣದೊಂದು ಇಂಗ್ಲಿಷ್ ಅಕ್ಷರ ಅಡಗಿ ಕೂತಿರುತ್ತದೆ. ಸಂಗ್ರಹಕಾರರಿಗೆ ಪ್ರತಿ ಅಕ್ಷರವೂ ಬೇರೆ ನೋಟು. 2005ರಿಂದ ಹಿಂಬದಿಯಲ್ಲಿ ಮುದ್ರಣದ ಇಸವಿ ಸೇರಿತು. 2006ರಿಂದ 10, 20, 50ರ ನೋಟುಗಳಲ್ಲಿ ಕೆಲವಕ್ಕೆ ಸಂಖ್ಯೆಯ ನಡುವೆ ನಕ್ಷತ್ರ ಬಂತು. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಕಟ್ಟಿನಲ್ಲಿ ಇಟ್ಟ ನೋಟು ಅದು, ಖೋಟಾ ಅಲ್ಲ. ಈ ಗೊಂದಲ ಹರಡಿದಾಗ 2023ರಲ್ಲಿ ರಿಸರ್ವ್ ಬ್ಯಾಂಕೇ ಸ್ಪಷ್ಟನೆ ಕೊಡಬೇಕಾಯಿತು. ಅಂದ ಹಾಗೆ ನಾಸಿಕ, ದೇವಾಸ್, ಸಾಲ್ಬೋನಿಯ ಜೊತೆಗೆ ನಮ್ಮ ಮೈಸೂರಿನಲ್ಲೂ ನೋಟು ಮುದ್ರಣವಾಗುತ್ತದೆ ಎಂದು ಇಲ್ಲಿಯವರಿಗೆ ಹೇಳುವಾಗ ನನಗೆ ಸ್ವಲ್ಪ ಜಂಬವೇ!

ಆ ಜಂಬವೇ ಒಂದು ಸಲ ಎಡವಟ್ಟು ಮಾಡಿತು.

ವಿಜಯವಾಡದ ಪಕ್ಕದ ಕೊಂಡಪಲ್ಲಿಯನ್ನು ಬೊಂಬೆಗಳಿಂದ ನೀವು ಬಲ್ಲಿರಿ. ಪೊನಿಕಿ ಎಂಬ ಹಗುರ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟು, ಮರದ ಹೊಟ್ಟು ಕಲಸಿ ಭಾಗಗಳನ್ನು ಕೂಡಿಸಿ, ಸುಣ್ಣ ಬಳಿದು ಬಣ್ಣ ಹಾಕುತ್ತಾರೆ. ಅಲ್ಲಿ ಬೊಂಬೆ ಮಾಡುವ ಒಬ್ಬರು ನಮ್ಮ ಮನೆಗೆ ದಸರಾ ಬೊಂಬೆ ಕೊಡುತ್ತ ಕೊಡುತ್ತ ಸ್ನೇಹಿತರಾದವರು. ಒಮ್ಮೆ ಅವರಿಗೆ ಆಲ್ಬಮ್ ತೋರಿಸಿ, "ಇದಕ್ಕೆ ಈಗ ಎಷ್ಟು ಗೊತ್ತಾ?" ಎಂದು ಕೆಲವು ನೋಟಿನ ಬೆಲೆ ಕೊಚ್ಚಿಕೊಂಡೆ.

ಆರು ತಿಂಗಳ ಮೇಲೆ ಫೋನು ಬಂತು. "ಮೇನೇಜರುಗಾರೂ, ನನ್ನ ಹತ್ತಿರ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿದೆ. ಐದು ಲಕ್ಷ ಕೊಡುತ್ತೇವೆ ಎಂದಿದ್ದಾರೆ. ರಿಜಿಸ್ಟ್ರೇಷನ್ ಎಂದು 4,500 ಕಟ್ಟಿದೆ. ಈಗ ಇನ್ನೂ 12,000 ಕೇಳುತ್ತಿದ್ದಾರೆ, ಕಟ್ಟಲೇ?"

ಎದೆ ಧಸಕ್ಕೆಂದಿತು. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕು 2021ರಲ್ಲೇ ಎಚ್ಚರಿಸಿತ್ತು. ಬ್ಯಾಂಕಿನಲ್ಲಿದ್ದ ನಾನು ಆಲ್ಬಮ್ ತೋರಿಸುವಾಗ ಅದನ್ನೊಂದು ಮಾತು ಹೇಳಿರಲಿಲ್ಲ. ಬೆಲೆ ಹೇಳಿದ್ದೆ, ಬುದ್ಧಿ ಹೇಳಿರಲಿಲ್ಲ.

ಭಾನುವಾರವೇ ಹೋದೆ. 1930ಕ್ಕೆ ಫೋನು ಮಾಡಿ ದೂರು ಕೊಡಿಸಿದೆ. ಹಣ ಮಾತ್ರ ವಾಪಸು ಬರಲಿಲ್ಲ. ನಾನು ಕೊಡಲು ಹೋದರೆ ಅವರು ಮುಟ್ಟಲಿಲ್ಲ. "ನೋಟು ಸುಳ್ಳಾ ಸಾರ್?" ಎಂದಷ್ಟೇ ಕೇಳಿದರು.

"ನೋಟು ಅಪ್ಪಟ ಸತ್ಯ. ಅವರು ಹೇಳಿದ ಬೆಲೆ ಸುಳ್ಳು" ಎಂದೆ. ಟ್ರ್ಯಾಕ್ಟರ್ ನೋಟು ವರ್ಷಗಟ್ಟಲೆ ಅಚ್ಚಾಗಿದೆ, ಅಪರೂಪವೇನಲ್ಲ. ಹಿಂಬದಿಯಲ್ಲಿ ಇಸವಿ ಇಲ್ಲ, ಅಂದರೆ 2005ಕ್ಕೆ ಮುಂಚಿನದು. ಗಾಂಧಿ ಚಿತ್ರವಿಲ್ಲ, ಹಳೆಯ ಸರಣಿಯದು. ಭೂತಗನ್ನಡಿ ಹಿಡಿದು ಸಹಿ ನೋಡಿದೆ. ಮಲ್ಹೋತ್ರಾ! 1985ರಿಂದ 1990ರೊಳಗಿನ ಸಹಿ.

ಅವರ ಮುಖ ಬದಲಾಯಿತು. "ಸರಿಯಾಗಿದೆ. ಆಗಲೇ ನಾನು ಒಬ್ಬನೇ ಮಾಡಿದ ಮೊದಲ ಅಂಬಾರಿ ಆನೆ ಮಾರಿದ್ದು. ಅಪ್ಪ ಅದರಲ್ಲಿ ಈ ಐದು ರೂಪಾಯಿ ನನ್ನ ಕೈಗಿಟ್ಟು, ಇದು ಖರ್ಚು ಮಾಡಬೇಡ ಎಂದಿದ್ದರು." ಆಮೇಲೆ ಗೂಡಿನಿಂದ ಎರಡು ಬೊಂಬೆ ತೆಗೆದು ಪಕ್ಕಪಕ್ಕದಲ್ಲಿಟ್ಟರು. ನನಗೆ ಎರಡೂ ಒಂದೇ. "ಇದು ಅಪ್ಪನ ಕೈ, ಇದು ನನ್ನದು. ಹುಬ್ಬು ನೋಡಿ" ಎಂದರು. ನಿಜ, ಹುಬ್ಬಿನ ಗೆರೆ ಬೇರೆ!

ನೋಟು ಮತ್ತೆ ಅವರ ಪೆಟ್ಟಿಗೆ ಸೇರಿತು. ಈಗ ನಾನು ಯಾರಿಗೆ ಆಲ್ಬಮ್ ತೋರಿಸಿದರೂ ಬೆಲೆ ಹೇಳುವುದಿಲ್ಲ. ಸಹಿ, ಇಸವಿ, ಅಕ್ಷರ ಓದಿ ತೋರಿಸುತ್ತೇನೆ.

ನಿಮ್ಮ ಅಜ್ಜಿಯ ಸೀರೆ ಮಡಿಕೆಯಲ್ಲೋ ಅಪ್ಪನ ಹಳೆ ಪರ್ಸಿನಲ್ಲೋ ನೋಟು ಸಿಕ್ಕರೆ ನೀವೂ ತಿರುಗಿಸಿ ನೋಡಿ. ಮಾರುವ ಮನಸ್ಸಿದ್ದರೂ ತಪ್ಪಲ್ಲ; ಆದರೆ ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕೇ ಹೊರತು ನೀವು ಅವನಿಗೆ ಕೊಡುವುದಲ್ಲ. ಮತ್ತೆ, ಆ ಭಾಷೆಗಳ ನಡುವೆ ನಮ್ಮ ಕನ್ನಡದ ಸಾಲನ್ನೂ ಒಮ್ಮೆ ಹುಡುಕಿ ಓದಿ.