ಬರೆದವರು, ಕಂಡರಿಸಿದವರು, ಮೊಳೆ ಜೋಡಿಸಿದವರು

ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿನ ಪಾರ್ಶ್ವನಾಥ ಬಸದಿಯಲ್ಲಿ ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯ ಕಂಬವಿದೆ. ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಮಲ್ಲಿಷೇಣ ಮಲಧಾರಿ ದೇವರ ಸ್ಮರಣೆಗಾಗಿ ನಿಂತ ಈ ಶಾಸನವು ಆಚಾರ್ಯ ಪರಂಪರೆಯನ್ನು ತಿಳಿಯಲು ಮುಖ್ಯ ಆಧಾರವೆಂದು ವಿದ್ವಾಂಸರೆಲ್ಲರೂ ಬಲ್ಲರು. ಆದರೆ ಅದರ ಕೊನೆಯ ಮಾತನ್ನು ಗಮನಿಸುವವರು ವಿರಳ. ಬರೆದವನು ಮಲ್ಲಿನಾಥ, ಕಲ್ಲಿನಲ್ಲಿ ಕಂಡರಿಸಿದವನು ರೂವಾರಿಗಳ ಮುಖತಿಲಕನೆನಿಸಿದ ಗಂಗಾಚಾರಿ ಎಂದು ಇಬ್ಬರ ಹೆಸರೂ ಬಿರುದುಸಹಿತವಾಗಿ ಅಲ್ಲಿ ನಿಂತಿವೆ. ಅಕ್ಷರವನ್ನು ರೂಪಿಸುವುದು ಕೂಲಿಯ ಕೆಲಸವಲ್ಲ, ಹೆಸರು ಹೇಳಿ ಹೊಣೆ ಹೊರುವ ವಿದ್ಯೆ ಎಂಬ ಭಾವನೆ ಆ ಕಾಲಕ್ಕಿತ್ತು.

ಈ ವಿದ್ಯೆಯ ಮೂಲಸೂತ್ರಗಳು ಸಾಧನವನ್ನು ಅವಲಂಬಿಸಿವೆ. ಉಳಿಗೆ ನೇರಗೆರೆಯೂ ಒಂದೇ, ಬಾಗುಗೆರೆಯೂ ಒಂದೇ. ಗರಿಯ ಮೇಲೆ ಕಬ್ಬಿಣದ ಕಂಠದಿಂದ ಬರೆಯುವವನಿಗೆ ಹಾಗಲ್ಲ. ನಾರಿನ ಗುಂಟ ಅಡ್ಡಗೆರೆಯನ್ನು ಒತ್ತಿ ಎಳೆದರೆ ಗರಿ ಸೀಳುತ್ತದೆ. ಕನ್ನಡ ಲಿಪಿ ದುಂಡಗಾಗಲು ಇದೂ ಒಂದು ಕಾರಣವೆಂದು ಹೇಳುವುದುಂಟು. ತಲೆಕಟ್ಟು, ಒಡಲು, ಕೆಳಗೆ ಇಳಿಯುವ ಒತ್ತು ಇವು ಮೂರಕ್ಕೂ ಎಡೆ ದೊರೆಯುವಂತೆ ಸಾಲುಗಳ ನಡುವೆ ಜಾಗ ಬಿಡಬೇಕು. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ಭೇದ ಒಡಲ ಕೆಳಗಿನ ಒಂದು ಸಣ್ಣ ಸೀಳು ಮಾತ್ರ, ‘ಪ’ಕಾರದ ಹೊಟ್ಟೆಯಲ್ಲಿ ಒಂದು ಗೀಟು ಬಿದ್ದರೆ ‘ಷ’ಕಾರ. ಕೈ ಕೊಂಚ ತಪ್ಪಿದರೆ ಅರ್ಥವೇ ತಪ್ಪುತ್ತದೆ.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆ ಸಾವಿರ ಪ್ರತಿಗಳನ್ನು ಬರೆದ ಕೈಗಳು ಯಾರವು?

ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಲ ಗ್ರಂಥಗಳ ಕಥೆಯಲ್ಲಿ ಈ ಪ್ರಶ್ನೆಯ ಗಾಂಭೀರ್ಯ ತಿಳಿಯುತ್ತದೆ. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಧವಲಾ ಟೀಕೆ ಅಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದಿತ್ತು. ಶತಮಾನಗಳ ಕಾಲ ಅದಕ್ಕೆ ಪೂಜೆಯಿತ್ತು, ಓದಿರಲಿಲ್ಲ. 1896ರಲ್ಲಿ ಆರಂಭವಾದ ಪ್ರತಿಲೇಖನ ಕಾರ್ಯವು ಬಹುಕಾಲ ನಡೆಯಿತು. ಅದರಲ್ಲಿ ತೊಡಗಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಒಂದು ಕನ್ನಡ ಪ್ರತಿಯನ್ನೂ ಸಿದ್ಧಪಡಿಸಿದರು. ಅದು ಸಹಾರನಪುರಕ್ಕೆ ಹೋಗಿ, ಅಲ್ಲಿ ನಾಗರಿಗಿಳಿದು, ಪ್ರತಿಯಿಂದ ಪ್ರತಿಯಾಗಿ ಹಬ್ಬಿತು. ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಅಚ್ಚು ಮಾಡಿಸಿದ್ದು ಇಂತಹ ಪ್ರತಿಗಳಿಂದಲೇ. ಗರಿಯಿಂದ ಕನ್ನಡಕ್ಕೆ, ಕನ್ನಡದಿಂದ ನಾಗರಿಗೆ, ನಾಗರಿಯಿಂದ ಮೊಳೆಗೆ ಬರುವಷ್ಟರಲ್ಲಿ ಎಷ್ಟು ಅಕ್ಷರಗಳು ಜಾರಿರಬಹುದೆಂಬ ಚಿಂತೆ ಸಂಪಾದಕರನ್ನು ಬಾಧಿಸಿತು. ಬಳಿಕ ಮೂಡುಬಿದಿರೆಯ ಮೂಲಗರಿಗಳೊಡನೆ ಹೋಲಿಸಿ ನೋಡುವ ಅವಕಾಶ ದೊರೆಯಿತು. ಹದಿನಾರು ಸಂಪುಟಗಳು ಮುಗಿಯಲು 1959 ಆಯಿತು. ಅನುಮತಿಯಿಲ್ಲದೆ ಪ್ರತಿ ಮಾಡಿದ್ದು ಅಚೌರ್ಯವ್ರತಕ್ಕೆ ಸಲ್ಲದು. ಆದರೆ ಗ್ರಂಥವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವರೂ ನಿರ್ದೋಷಿಗಳಲ್ಲ.

ಅಚ್ಚಿನ ಮೊಳೆ ಕನ್ನಡಕ್ಕೆ ಬಂದದ್ದು ತಡವಾಗಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಮುದ್ರಣವಾಯಿತು. ಗುಣಿತಾಕ್ಷರಗಳಿಗೂ ಒತ್ತುಗಳಿಗೂ ಬೇರೆ ಬೇರೆ ಮೊಳೆ ಬೇಕಾದುದರಿಂದ ಜೋಡಿಸುವವನ ಮುಂದೆ ನೂರಾರು ಮನೆಗಳ ಪೆಟ್ಟಿಗೆಯಿರಬೇಕಾಯಿತು. ದೇವನೂರಿನ ಸುತ್ತಲಿನ ಸೀಮೆಯ ಕಲ್ಲುಗಳಿಗೂ ಈ ಮೊಳೆಗಳೇ ಎರಡನೆಯ ಬಾಳು ಕೊಟ್ಟವು: ಬಿ.ಎಲ್. ರೈಸ್ ಅವರು 1894ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಕದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಸೇರಿವೆ. ನಿತ್ಯದ ಬರವಣಿಗೆಯಿಂದ ಬಿದ್ದುಹೋಗಿದ್ದ ‘ಱ’, ‘ೞ’ ಅಕ್ಷರಗಳಿಗೂ ಇಂತಹ ಸಂಪುಟಗಳಲ್ಲಿ ಮೊಳೆಗಳಿದ್ದವು. ಅವು ಇಲ್ಲದೆ ಹಳಗನ್ನಡ ಜೈನ ಕಾವ್ಯವನ್ನು ನೆಟ್ಟಗೆ ಮುದ್ರಿಸಲಾಗದು.

ಇಂದು ಬಸದಿಗಳ ದಾನಫಲಕಗಳು ಕಂಪ್ಯೂಟರಿನ ಅಕ್ಷರಗಳಿಂದ ಗ್ರಾನೈಟಿಗೆ ಇಳಿಯುತ್ತವೆ. ದಾನಿಯ ಹೆಸರು ದಪ್ಪಕ್ಷರದಲ್ಲಿರುತ್ತದೆ, ಆಚಾರ್ಯರ ಹೆಸರಿನ ಒತ್ತು ಮುಂದಿನ ಸಾಲಿಗೆ ತಗಲಿರುತ್ತದೆ. ಕೊರೆಯುವ ಮುನ್ನ ಕರಡು ತಿದ್ದಿದವರಿರುವುದಿಲ್ಲ. ಕಲ್ಲಿನ ತಪ್ಪು ಕಾಗದದ ತಪ್ಪಿನಂತೆ ಮುಂದಿನ ಮುದ್ರಣಕ್ಕೆ ಕಾಯುವುದಿಲ್ಲ. ಯಂತ್ರದ ತಪ್ಪೂ ಹಾಗೆಯೇ: ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ನೀಡುವ ಯೂನಿಕೋಡ್ ಪಟ್ಟಿಯಲ್ಲಿ ‘ೞ’ ಅಕ್ಷರಕ್ಕೆ ‘ಫಾ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಆದುದರಿಂದ ಅದು ತಪ್ಪೆಂಬ ಟಿಪ್ಪಣಿಯೊಡನೆ ಅದೇ ಹೆಸರು ಉಳಿದಿದೆ.